ಭಾನುವಾರ ಸಂಜೆಯ ಹೊಟ್ಟೆನೋವು

ಸಂಪಾದಕರಿಗೆ,

ಮಾನ್ಯರೇ,

ಉಡುಪಿಯಲ್ಲಿ ಔಷಧದ ಅಂಗಡಿ ನಡೆಸಲು ತೊಡಗಿ 19 ವರ್ಷಗಳಾದವು. ಕೌಂಟರಿನ ಹಿಂದೆ ಇಷ್ಟು ಕಾಲ ನಿಂತವನಿಗೆ ಊರಿನ ಕಾಯಿಲೆಗಳ ಪಂಚಾಂಗ ಬಾಯಿಪಾಠವಾಗಿರುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಎರಡನೇ ವಾರಕ್ಕೆ ಕೆಮ್ಮಿನ ಸಿರಪ್ಪು, ಮದುವೆ, ಕೋಲ, ನೇಮಗಳ ತಿಂಗಳುಗಳಲ್ಲಿ ಗ್ಯಾಸಿನ ಮಾತ್ರೆ, ಏಪ್ರಿಲ್‌ನ ಸೆಕೆಗೆ ಬೆವರುಸಾಲೆಯ ಪೌಡರು. ಈ ಪಂಚಾಂಗಕ್ಕೆ ಈಚಿನ ಆರೇಳು ವರ್ಷಗಳಲ್ಲಿ ಹೊಸದೊಂದು ತಿಥಿ ಸೇರಿಕೊಂಡಿದೆ. ಭಾನುವಾರ ಸಂಜೆ ಏಳರ ಮೇಲೆ ಮತ್ತು ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದಂತೆ, ಮಕ್ಕಳ ಹೊಟ್ಟೆನೋವಿಗೆ, ತಲೆನೋವಿಗೆ, ವಾಂತಿ ಬಂದ ಹಾಗಾಗುವುದಕ್ಕೆ ಮದ್ದು ಕೇಳಿಕೊಂಡು ತಂದೆತಾಯಂದಿರು ಬರುತ್ತಾರೆ. ಶುಕ್ರವಾರ ಸಂಜೆ ಈ ಗಿರಾಕಿಗಳು ಕಾಣುವುದಿಲ್ಲ. ದಸರಾ ರಜೆಯಲ್ಲಂತೂ ಇಲ್ಲವೇ ಇಲ್ಲ. ಫೆಬ್ರವರಿ ಬಂತೆಂದರೆ ನೆನಪಿನ ಶಕ್ತಿಯ ಟಾನಿಕ್ಕಿಗೆ ಬೇಡಿಕೆ ಏರುತ್ತದೆ. ಆ ಬಾಟಲಿಗಳು ಒಂದೇ ಒಂದು ಅಂಕವನ್ನು ಹೆಚ್ಚಿಸಿದ್ದನ್ನೂ ನಾನು ಕಂಡಿಲ್ಲ, ಆದರೂ ಮಾರುತ್ತೇನೆ. ಬೇಡ ಎಂದರೆ ಗಿರಾಕಿ ಎದುರಿನ ಅಂಗಡಿಗೆ ಹೋಗಿ ಅದನ್ನೇ ಕೊಳ್ಳುತ್ತಾನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಮಾರುತ್ತೇನೆ. ಈ ಪತ್ರ ಬರೆಯುವವನು ಹರಿಶ್ಚಂದ್ರನೇನಲ್ಲ ಎಂಬುದು ಮೊದಲೇ ತಿಳಿದಿರಲಿ ಎಂದು ಇಷ್ಟು ಹೇಳಿದೆ.

ಪತ್ರ ಬರೆಯಲು ತತ್‌ಕ್ಷಣದ ಕಾರಣವಾದವರು ಮೊನ್ನೆ ಅಂಗಡಿಗೆ ಬಂದ ಒಬ್ಬ ತಾಯಿ. ಪತಿ ಮಸ್ಕತ್‌ನಲ್ಲಿದ್ದಾರೆ, ಮಗ ಏಳನೆಯ ತರಗತಿ. ಹುಡುಗ ಉಗುರು ಕಚ್ಚಿ ಕಚ್ಚಿ ಬೆರಳ ತುದಿಯಲ್ಲಿ ರಕ್ತ ಬರಿಸಿಕೊಂಡಿದ್ದ. ಅದಕ್ಕೊಂದು ಮುಲಾಮು ಕೊಟ್ಟೆ. "ಇವನ ಟೆನ್ಶನ್ ಕಡಿಮೆ ಆಗುವಂಥದ್ದು ಎಂತಾದರೂ ಇದ್ದರೆ ಕೊಡಿ ಮಾರಾಯ್ರೇ. ಯೋಗ ಕ್ಲಾಸಿಗೆ ಹಾಕಿದ್ದೇನೆ, ಏಕಾಗ್ರತೆ ಬರಲಿ ಎಂದು ಅಬಾಕಸ್‌ಗೂ ಹಾಕಿದ್ದೇನೆ, ಆದರೂ ಕಡಿಮೆ ಆಗುವುದಿಲ್ಲ" ಎಂದರು. ಯೋಗ ಎಷ್ಟು ಹೊತ್ತಿಗೆ ಎಂದು ಕೇಳಿದೆ. ಬೆಳಿಗ್ಗೆ ಐದೂವರೆಗಂತೆ, ಶಾಲೆಯ ಬಸ್ಸು ಏಳು ಹತ್ತಕ್ಕೆ. ಅಬಾಕಸ್ ಶನಿವಾರ ಮಧ್ಯಾಹ್ನ. ಅದು ಹುಡುಗನಿಗೆ ವಾರದಲ್ಲಿ ಉಳಿದಿದ್ದ ಒಂದೇ ಒಂದು ಖಾಲಿ ಮಧ್ಯಾಹ್ನವಾಗಿತ್ತು.

ಆ ತಾಯಿಯನ್ನು ದೂರಲು ಈ ಮಾತನ್ನೆತ್ತಲಿಲ್ಲ. ಗಂಡ ಊರಲ್ಲಿಲ್ಲದೆ, ಅತ್ತೆಯ ಆರೈಕೆ, ಬ್ಯಾಂಕಿನ ಕಂತು, ಮಗನ ಓದು ಎಲ್ಲವನ್ನೂ ಒಬ್ಬರೇ ಹೊತ್ತವರು ತಮಗೆ ತೋಚಿದ್ದನ್ನು ಪ್ರೀತಿಯಿಂದಲೇ ಮಾಡಿದ್ದಾರೆ. ಆದರೆ ಅವರಿಗೆ ತೋಚಿದ್ದೇ ನಮ್ಮೆಲ್ಲರಿಗೂ ತೋಚುತ್ತದೆ ಎಂಬುದು ನನ್ನ ತಕರಾರು. ಮಗುವಿಗೆ ಒತ್ತಡವಾಗಿದೆ ಎಂದು ಗೊತ್ತಾದ ಕೂಡಲೇ ನಾವು ಏನನ್ನಾದರೂ ಕೂಡಿಸುತ್ತೇವೆ: ಒಂದು ಟ್ಯೂಷನ್, ಒಂದು ಟಾನಿಕ್ಕು, ಒಂದು ಶಿಬಿರ, ಒಂದು ಹರಕೆ. ಏನನ್ನಾದರೂ ಕಳೆಯಬೇಕು ಎಂದು ಹೊಳೆಯುವುದೇ ಇಲ್ಲ. ಒತ್ತಡ ಇಳಿಸುವ ಉಪಾಯವೂ ವೇಳಾಪಟ್ಟಿಯ ಇನ್ನೊಂದು ಪೀರಿಯಡ್ಡಾಗಿ, ಅದಕ್ಕೂ ತಡವಾಗದಂತೆ ಮಗು ಓಡಬೇಕಾಗುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕಳೆದ ವರ್ಷ ನನ್ನ ಮಗಳು ಎಂಟನೆಯ ತರಗತಿಯಲ್ಲಿದ್ದಳು. ಆಗಸ್ಟ್ ತಿಂಗಳಿನಿಂದ ಅವಳಿಗೆ ಭಾನುವಾರ ಸಂಜೆ ಹೊಕ್ಕುಳ ಸುತ್ತ ನೋವು ಕಾಣಿಸಿಕೊಳ್ಳತೊಡಗಿತು. ಔಷಧದ ಅಂಗಡಿಯವನ ಮನೆಯಲ್ಲಿ ಮದ್ದಿಗೇನು ಬರ. ಮೊದಲ ಮೂರು ವಾರ ನಾನೇ ಗ್ಯಾಸಿನ ಸಿರಪ್ಪು ಕುಡಿಸಿದೆ. ನನ್ನ ತಾಯಿ ದೃಷ್ಟಿ ತೆಗೆದರು, ಓಮದ ನೀರು ಕೊಟ್ಟರು. ನಾಲ್ಕನೆಯ ವಾರ, ಸೋಮವಾರ ಬೆಳಿಗ್ಗೆ ಅವಳು ಸಮವಸ್ತ್ರ ಹಾಕಿಕೊಂಡು ಚಾವಡಿಯ ದಂಡೆಯಲ್ಲಿ ಹೊಟ್ಟೆ ಹಿಡಿದು ಕುಳಿತಿದ್ದಾಗ ನಾನು ಅಂದ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ: "ಸೋಮವಾರವೇ ಬರುವ ಹೊಟ್ಟೆನೋವು ಯಾವುದು ಎಂದು ನನಗೆ ಗೊತ್ತು, ಏಳು." ನೋವಿನ ವಾರ ನನ್ನ ಲೆಕ್ಕಕ್ಕೆ ಸರಿಯಾಗಿಯೇ ಸಿಕ್ಕಿತ್ತು, ಅದರಿಂದ ನಾನು ತೆಗೆದ ತೀರ್ಮಾನ ಮಾತ್ರ ತಿರುಗಾಮುರುಗಾ ಆಗಿತ್ತು.

ಕೊನೆಗೆ ಕರೆದುಕೊಂಡು ಹೋದ ಮಕ್ಕಳ ವೈದ್ಯರು ಹೊಟ್ಟೆ ಒತ್ತಿ ನೋಡಿದರು, ತೂಕ ನೋಡಿದರು, ಮೂತ್ರ ಪರೀಕ್ಷೆ ಮಾಡಿಸಿದರು. ನೋವು ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೇ, ಜ್ವರವಿದೆಯೇ, ಮಲದಲ್ಲಿ ರಕ್ತವಿದೆಯೇ, ತೂಕ ಇಳಿದಿದೆಯೇ ಎಂದು ಒಂದೊಂದಾಗಿ ಕೇಳಿದರು. ಇವುಗಳಲ್ಲಿ ಒಂದಿದ್ದರೂ ದೇಹದೊಳಗೆ ಬೇರೆ ಕಾರಣ ಹುಡುಕಬೇಕಾಗುತ್ತದೆ; ಆದ್ದರಿಂದ ಹೊಟ್ಟೆನೋವನ್ನು ವೈದ್ಯರಿಗೆ ತೋರಿಸದೆಯೇ "ಒತ್ತಡ" ಎಂದು ಹೆಸರಿಟ್ಟುಬಿಡುವುದೂ ತಪ್ಪು. ಅವಳಿಗೆ ಇವೊಂದೂ ಇರಲಿಲ್ಲ. ಆಮೇಲೆ ಅವರು ನನ್ನ ಕಡೆ ತಿರುಗಿ, "ನೋವು ಸುಳ್ಳಲ್ಲ, ತಿಳಿಯಿತಲ್ಲ?" ಎಂದಷ್ಟೇ ಹೇಳಿದರು. ಮದ್ದು ಬರೆಯಲಿಲ್ಲ. ಔಷಧದ ಅಂಗಡಿಯವನಿಗೆ ಖಾಲಿ ಚೀಟಿ ಕೈಯಲ್ಲಿ ಹಿಡಿದು ಹೊರಬರುವುದು ಎಷ್ಟು ಮುಜುಗರದ ವಿಷಯವೆಂದು ನಾನು ವಿವರಿಸಬೇಕಾಗಿಲ್ಲ.

ನೋವು ಸುಳ್ಳಲ್ಲ ಎಂಬ ಆ ಮಾತನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ಮಕ್ಕಳ ಒತ್ತಡವನ್ನು ನಾವು ತಪ್ಪಾಗಿ ಓದುವುದು ಇಲ್ಲಿಂದಲೇ ಶುರುವಾಗುತ್ತದೆ. ಮನಸ್ಸಿಗೆ ಅಪಾಯ ಎಂದು ತೋರಿದ್ದು ಹಾವಾಗಿರಲಿ, ಕಿರುಪರೀಕ್ಷೆಯಾಗಿರಲಿ, ದೇಹ ಸಜ್ಜಾಗುವ ಬಗೆ ಒಂದೇ. ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ, ಎದೆ ಬಡಿತ ಏರುತ್ತದೆ, ರಕ್ತ ಜೀರ್ಣಾಂಗಗಳಿಂದ ಕೈಕಾಲುಗಳ ಸ್ನಾಯುಗಳತ್ತ ಹರಿಯುತ್ತದೆ. ಕರುಳಿನ ಗೋಡೆಯಲ್ಲಿ ಅದರದ್ದೇ ಆದ ದಟ್ಟವಾದ ನರಜಾಲವಿದ್ದು ಅದು ಮಿದುಳಿನೊಂದಿಗೆ ಸದಾ ಸಂಪರ್ಕದಲ್ಲಿರುತ್ತದೆ. ಹಾಗಾಗಿ "ನನಗೆ ಭಯವಾಗುತ್ತಿದೆ" ಎಂದು ಹೇಳಲು ಬಾರದ ಮಗು "ಹೊಟ್ಟೆ ನೋಯುತ್ತಿದೆ" ಎಂದರೆ ಅದು ನೆಪವಲ್ಲ, ವರದಿ. ಚಿಕ್ಕ ಮಕ್ಕಳಲ್ಲಿ ಇದು ಹಾಸಿಗೆ ಒದ್ದೆ ಮಾಡುವುದಾಗಿಯೋ, ಬಿಟ್ಟುಹೋಗಿದ್ದ ಬೆರಳು ಚೀಪುವ ಅಭ್ಯಾಸ ಮರಳುವುದಾಗಿಯೋ, ಅಮ್ಮನ ಸೆರಗು ಬಿಡದಿರುವುದಾಗಿಯೋ ಕಾಣುತ್ತದೆ. ಹೈಸ್ಕೂಲಿನ ಮಕ್ಕಳಲ್ಲಿ ಸಿಡುಕು, ಎದುರುತ್ತರ, ಕೋಣೆಯ ಬಾಗಿಲು ಹಾಕಿಕೊಳ್ಳುವುದು, ಊಟದ ತಟ್ಟೆ ಅರ್ಧಕ್ಕೆ ಬಿಡುವುದು. ಮೊದಲನೆಯದಕ್ಕೆ ನಾವು ಮುದ್ದು ಎನ್ನುತ್ತೇವೆ, ಎರಡನೆಯದಕ್ಕೆ ಕೊಬ್ಬು ಎನ್ನುತ್ತೇವೆ. ಹಠ, ನಾಟಕ, ಸೋಮಾರಿತನ, ಕೊಬ್ಬು ಎಂಬ ನಾಲ್ಕು ಪದಗಳನ್ನು ಒಂದು ತಿಂಗಳು ಮನೆಯಲ್ಲಿ ಬಳಸದೆ ನೋಡಿದರೆ, ಅವುಗಳ ಹಿಂದೆ ಎಷ್ಟು ವಿಷಯ ಅಡಗಿತ್ತೆಂದು ಗೊತ್ತಾಗುತ್ತದೆ. ನಾನು ನೋಡಿದ್ದೇನೆ, ಮೊದಲ ವಾರ ಬಹಳ ಕಷ್ಟ.

ಒತ್ತಡವೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಯಕ್ಷಗಾನದ ಚೌಕಿಯಲ್ಲಿ ಮೊದಲ ವೇಷ ಕಟ್ಟಿಕೊಂಡ ಹುಡುಗನ ಕೈ ನಡುಗದಿದ್ದರೆ ರಂಗದ ಮೇಲೆ ಅವನ ಹೆಜ್ಜೆಯೂ ಏಳುವುದಿಲ್ಲ. ಅಮೆರಿಕದ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು 1908ರಷ್ಟು ಹಿಂದೆಯೇ ಇಲಿಗಳ ಮೇಲೆ ಪ್ರಯೋಗ ಮಾಡಿ ಕಂಡುಕೊಂಡದ್ದು ಇಷ್ಟು: ಸುಲಭದ ಕೆಲಸವನ್ನು ಹೆಚ್ಚು ಒತ್ತಡ ಹಾಕಿ ಕಲಿಸಬಹುದು, ಆದರೆ ಕೆಲಸ ಕಷ್ಟದ್ದಾದಷ್ಟೂ ಒತ್ತಡ ಒಂದು ಹದವನ್ನು ಮೀರಿದ ಮೇಲೆ ಕಲಿಕೆಯನ್ನೇ ಕೆಡಿಸುತ್ತದೆ. ನಾವು ಮಾಡುವುದು ಸರಿಯಾಗಿ ಇದರ ವಿರುದ್ಧ. ಡ್ರಾಯಿಂಗ್ ಬರದಿದ್ದರೆ "ಪರವಾಗಿಲ್ಲ" ಎಂದು ಬಿಡುತ್ತೇವೆ. ಗಣಿತ ಬರದಿದ್ದರೆ ಅಲ್ಲಿಗೇ ಎಲ್ಲ ಭಾರವನ್ನೂ ತಂದು ಹಾಕುತ್ತೇವೆ.

ಮಗಳ ನೋವಿನ ಮೂಲ ನನಗೆ ತಿಳಿದದ್ದು ವೈದ್ಯರ ಕೋಣೆಯಲ್ಲಲ್ಲ, ಸ್ಕೂಟರಿನ ಮೇಲೆ. ಮಕ್ಕಳು ಎದುರು ಕೂರಿಸಿಕೊಂಡು "ಏನಾಯಿತು, ಹೇಳು" ಎಂದರೆ ಹೇಳುವುದಿಲ್ಲ. ಅದು ಅವರಿಗೆ ವಿಚಾರಣೆಯಂತೆ ಕಾಣುತ್ತದೆ. ಅಪ್ಪನ ಮುಖ ರಸ್ತೆಯ ಕಡೆಗಿದ್ದು ತಮಗೆ ಬೆನ್ನು ಮಾತ್ರ ಕಾಣುತ್ತಿದ್ದರೆ ಮಾತು ತಾನಾಗಿ ಬರುತ್ತದೆ. ಕಲ್ಸಂಕದ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಹಿಂದಿನ ಸೀಟಿನಿಂದ ಅವಳು, "ಲಿಸ್ಟ್ ಬಂದ ದಿನ ನೀವು ಊಟಕ್ಕೆ ಕೂತರೆ ಮಾತೇ ಆಡುದಿಲ್ಲ ಅಪ್ಪ" ಎಂದಳು.

ಲಿಸ್ಟ್ ಎಂದರೆ ಏನೆಂದು ಓದುಗರಿಗೆ ಹೇಳಬೇಕು. ಅವಳು ಹೋಗುತ್ತಿದ್ದ ಟ್ಯೂಷನ್ನಿನಲ್ಲಿ ಪ್ರತಿ ಸೋಮವಾರ ಒಂದು ಪರೀಕ್ಷೆ. ಅದೇ ರಾತ್ರಿ ಒಂಬತ್ತು ಗಂಟೆಗೆ ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಎಲ್ಲ ಮಕ್ಕಳ ಹೆಸರು ಮತ್ತು ಅಂಕಗಳ ಪಟ್ಟಿ, ಮೊದಲನೆಯವರಿಂದ ಕೊನೆಯವರವರೆಗೆ, ಸಾಲಾಗಿ. ನಾವು ತಂದೆತಾಯಂದಿರು ಅದರ ಕೆಳಗೆ ಕೈಮುಗಿದ ಚಿತ್ರಗಳನ್ನು ಹಾಕಿ "ಥ್ಯಾಂಕ್ಯೂ ಸರ್" ಎಂದು ಬರೆಯುತ್ತಿದ್ದೆವು. ನಾನೂ ಬರೆದಿದ್ದೇನೆ. ಅವಳಿಗೆ ಬೈದವನಲ್ಲ ಎಂಬ ಹೆಮ್ಮೆ ನನಗಿತ್ತು. ಆದರೆ ಅಂಕ ಎಷ್ಟೇ ಬಂದಿರಲಿ, ನನ್ನ ಬಾಯಿಂದ ಬರುತ್ತಿದ್ದ ಎರಡನೆಯ ಪ್ರಶ್ನೆ "ಹೈಯೆಸ್ಟ್ ಎಷ್ಟಂತೆ?" ಎಂಬುದಾಗಿತ್ತು. ಆಮೇಲೆ ಮೌನ. ಆ ಮೌನ ಹದಿಮೂರು ಗಂಟೆ ನಿಂತು ಅಂಗಡಿ ಮುಚ್ಚಿ ಬಂದವನ ಸುಸ್ತೂ ಆಗಿರಬಹುದು, ಅರ್ಧವಾದರೂ ಹೌದು. ಆದರೆ ಆ ಸುಸ್ತು ನನ್ನದು ಮಾತ್ರ ಎಂದು ಮಗುವಿಗೆ ಹೇಗೆ ತಿಳಿಯಬೇಕು? ಅವಳು ಅದನ್ನು ತನ್ನ ಅಂಕಪಟ್ಟಿಗೆ ಸೇರಿಸಿ ಓದಿಕೊಂಡಳು. ತಂದೆತಾಯಿಯ ಸಾಲದ ಚಿಂತೆ, ಕೆಲಸದ ಜಗಳ, ಗಂಡ ಹೆಂಡಿರ ನಡುವಿನ ಬಿಗುಮಾನ ಎಲ್ಲವನ್ನೂ ಮಕ್ಕಳು ತಮ್ಮಿಂದಲೇ ಆದದ್ದೆಂದು ಭಾವಿಸುತ್ತಾರೆ ಎಂಬುದನ್ನು ನಾವು ಮರೆಯುತ್ತೇವೆ. "ನನಗೆ ಇವತ್ತು ಅಂಗಡಿಯಲ್ಲಿ ತಲೆಬಿಸಿ ಆಗಿದೆ, ನಿನ್ನ ಮೇಲೆ ಅಲ್ಲ" ಎಂದು ಹೇಳಲು ಅರ್ಧ ನಿಮಿಷ ಬೇಕಾಗುವುದಿಲ್ಲ. ಹೇಳಲು ಮಾತ್ರ ನಮಗೆ ಅಭ್ಯಾಸವಿಲ್ಲ.

ಈ ಹೈಯೆಸ್ಟ್‌ನ ಚಟ ನಮ್ಮ ಕರಾವಳಿಯಲ್ಲಿ ಮನೆಯೊಳಗೆ ಮಾತ್ರ ಹುಟ್ಟಿದ್ದಲ್ಲ. 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಉಡುಪಿ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಶೇ 91.12ರೊಂದಿಗೆ ದಕ್ಷಿಣ ಕನ್ನಡ ಮೊದಲು, ಶೇ 89.96ರೊಂದಿಗೆ ಉಡುಪಿ ಎರಡನೆಯದು. ಅದೇ ವರ್ಷದ ಪಿಯುಸಿಯಲ್ಲಿ ಶೇ 93.90 ಪಡೆದ ಉಡುಪಿಗೆ ಮತ್ತೆ ಮೊದಲ ಸ್ಥಾನ. ಈ ಎರಡು ಜಿಲ್ಲೆಗಳು ತಮ್ಮತಮ್ಮಲ್ಲೇ ಜಾಗ ಬದಲಿಸಿಕೊಳ್ಳುವುದನ್ನು ನಾವು ಕ್ರಿಕೆಟ್ ಪಂದ್ಯದಂತೆ ನೋಡಿ ಸಂತೋಷಪಡುತ್ತೇವೆ. ಸಂತೋಷಪಡಬೇಕಾದದ್ದೇ, ಇದರ ಹಿಂದೆ ಸಾವಿರಾರು ಶಿಕ್ಷಕರ ದುಡಿಮೆಯಿದೆ. ಆದರೆ ಹತ್ತರಲ್ಲಿ ಒಂಬತ್ತು ಮಕ್ಕಳು ಪಾಸಾಗುವ ಊರಿನಲ್ಲಿ ಪಾಸಾಗುವುದಕ್ಕೆ ಬೆಲೆಯೇ ಉಳಿಯುವುದಿಲ್ಲ. ಬೇರೆ ಜಿಲ್ಲೆಯಲ್ಲಿ ಶೇ 72 ತೆಗೆದ ಮಗುವಿಗೆ ಪೇಡಾ ಹಂಚಿದರೆ, ನಮ್ಮಲ್ಲಿ ಅದೇ ಅಂಕ ತೆಗೆದ ಮಗುವಿನ ಮನೆಗೆ ನೆಂಟರು ಫೋನು ಮಾಡಲೂ ಹಿಂಜರಿಯುತ್ತಾರೆ. ಮೇ ತಿಂಗಳಲ್ಲಿ ಮಂಗಳೂರಿನ ಪಂಪ್‌ವೆಲ್‌ನಿಂದ ಉಡುಪಿಯ ಕರಾವಳಿ ಬೈಪಾಸ್‌ವರೆಗೆ ಹೆದ್ದಾರಿಯಲ್ಲಿ ಬಂದರೆ ಎಡಬಲಗಳಲ್ಲಿ ಅಂಕ ಹೊತ್ತ ಮುಖಗಳ ಫ್ಲೆಕ್ಸುಗಳು. ಅವುಗಳ ಕೆಳಗೆ ಬಸ್ಸಿಗೆ ಕಾಯುತ್ತ ನಿಂತ ಹುಡುಗನನ್ನು ಯಾವ ಫ್ಲೆಕ್ಸಿನಲ್ಲೂ ಹಾಕಿರುವುದಿಲ್ಲ. ತಮ್ಮ ಪತ್ರಿಕೆಯೂ, ಕ್ಷಮಿಸಬೇಕು, ಫಲಿತಾಂಶದ ಮರುದಿನ ಇದೇ ಮುಖಗಳನ್ನು ಪುಟಗಟ್ಟಲೆ ಅಚ್ಚು ಹಾಕುತ್ತದೆ, ಅದರಲ್ಲಿ ಸುದ್ದಿ ಎಷ್ಟು ಜಾಹೀರಾತು ಎಷ್ಟು ಎಂದು ಗುರುತಿಸಲು ಕನ್ನಡಕ ಬೇಕಾಗುತ್ತದೆ.

ಮಳೆಗಾಲದ ರಜೆಯ ಕಥೆಯನ್ನು ಕೇಳಿ. ಜುಲೈನಲ್ಲಿ ರೆಡ್ ಅಲರ್ಟ್ ಘೋಷಣೆಯಾಗಿ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರಿದರೆ, ನಾವು ಸಣ್ಣವರಿದ್ದಾಗ ಅದು ದೇವರು ಕೊಟ್ಟ ದಿನ. ಈಗ ಬೆಳಿಗ್ಗೆ ಆರೂವರೆಗೆ ರಜೆಯ ಸುದ್ದಿ ಗುಂಪಿಗೆ ಬಂದು, ಮಗು ಹೊದಿಕೆ ಎಳೆದುಕೊಂಡು ಮಗ್ಗುಲು ಬದಲಿಸುವಷ್ಟರಲ್ಲಿ, ಏಳೂಕಾಲಿಗೆ ಟ್ಯೂಷನ್ನಿನ ಆನ್‌ಲೈನ್ ತರಗತಿಯ ಲಿಂಕು ಬಂದಿರುತ್ತದೆ. ಅದನ್ನು ಕಳಿಸಬೇಡಿ ಎಂದು ಯಾವ ಪೋಷಕರೂ ಹೇಳಿದ್ದನ್ನು ನಾನು ಕಂಡಿಲ್ಲ. "ಲಿಂಕು ಇನ್ನೂ ಬಂದಿಲ್ಲವಲ್ಲ ಸರ್" ಎಂದು ಕೇಳಿದವರನ್ನು ಕಂಡಿದ್ದೇನೆ.

ಇನ್ನು ನಿದ್ದೆ. ನಮ್ಮಲ್ಲಿ ಮಕ್ಕಳನ್ನು ಬ್ರಾಹ್ಮೀ ಮುಹೂರ್ತದಲ್ಲಿ ಎಬ್ಬಿಸುವುದು ಪುಣ್ಯದ ಕೆಲಸ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾವಿಜ್ಞಾನದ ತಜ್ಞರು ಹೇಳುತ್ತಾರೆ. ಹರೆಯಕ್ಕೆ ಕಾಲಿಟ್ಟ ಮೇಲೆ ಮಕ್ಕಳ ದೇಹದ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ. ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಸ್ರವಿಸುವುದರಿಂದ ಒಂಬತ್ತನೆಯ ತರಗತಿಯ ಹುಡುಗ ಹತ್ತೂವರೆಗೆ ಮೊದಲು ನಿದ್ದೆ ಬರುವುದಿಲ್ಲ ಎಂದರೆ ಅದು ಬಹುತೇಕ ನಿಜ. ಅವನನ್ನು ನಾಲ್ಕೂವರೆಗೆ ಎಬ್ಬಿಸಿದರೆ ಸಿಗುವುದು ಆರು ಗಂಟೆ. ಹಗಲು ಓದಿದ್ದು ನೆನಪಿನಲ್ಲಿ ನೆಲೆಯೂರುವುದು ನಿದ್ದೆಯಲ್ಲಿ. ಅಂದರೆ ನಾವು ಓದಿಸಿದ್ದನ್ನು ನಾವೇ ಬೆಳಗ್ಗೆ ಎಬ್ಬಿಸಿ ಅಳಿಸುತ್ತೇವೆ, ಆಮೇಲೆ ನನ್ನ ಅಂಗಡಿಗೆ ಬಂದು ನೆನಪಿನ ಟಾನಿಕ್ಕು ಕೊಳ್ಳುತ್ತೇವೆ. ರಾತ್ರಿ ಮೊಬೈಲು ನಿದ್ದೆ ಕೆಡಿಸುತ್ತದೆ, ಅದನ್ನು ಮಲಗುವ ಕೋಣೆಯಿಂದ ಹೊರಗಿಡಬೇಕು, ನಿಜ. ಎಲ್ಲ ದೋಷವನ್ನೂ ಮೊಬೈಲಿನ ತಲೆಗೆ ಕಟ್ಟುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಎಷ್ಟೋ ಮಕ್ಕಳಿಗೆ ಅದು ರೋಗವಲ್ಲ, ಅಡಗುವ ಜಾಗ.

ಶಾಲೆಯ ಚೀಲ ಎಷ್ಟು ತೂಗಬೇಕೆಂದು ನಮ್ಮ ರಾಜ್ಯ ಸರ್ಕಾರ 2019ರಲ್ಲಿ ಆದೇಶ ಹೊರಡಿಸಿತು: ಒಂಬತ್ತು ಮತ್ತು ಹತ್ತನೆಯ ತರಗತಿಗೆ 4ರಿಂದ 5 ಕಿಲೋ. ಚೀಲವನ್ನು ತಕ್ಕಡಿಗೆ ಹಾಕಿ ನೋಡಬಹುದು. ಉಳಿದ ಭಾರಕ್ಕೂ ನಿಯಮಗಳಿಲ್ಲವೆಂದಲ್ಲ. ಮಕ್ಕಳ ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಸೆಕ್ಷನ್ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಹದಿನಾರು ವರ್ಷದ ಒಳಗಿನವರನ್ನು ಕೋಚಿಂಗ್ ಕೇಂದ್ರಗಳಿಗೆ ಸೇರಿಸಿಕೊಳ್ಳಬಾರದೆಂದು ಕೇಂದ್ರದ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಕಳಿಸಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಕುರಿತು ಹದಿನೈದು ಮಾರ್ಗಸೂಚಿಗಳನ್ನು ನೀಡಿದಾಗ, ಅಂಕ ನೋಡಿ ಬ್ಯಾಚು ಬೇರ್ಪಡಿಸುವುದು, ಎಲ್ಲರೆದುರು ಅವಮಾನಿಸುವುದು, ಮಗುವಿನ ಶಕ್ತಿ ಮೀರಿದ ಗುರಿ ಹೊರಿಸುವುದು ಸಲ್ಲದೆಂದೂ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರೊಬ್ಬರಾದರೂ ಇರಬೇಕೆಂದೂ, ತಂದೆತಾಯಂದಿರಿಗೂ ತಿಳಿವಳಿಕೆ ನೀಡಬೇಕೆಂದೂ ಹೇಳಿತು. ಆದರೆ ಎಂಟನೆಯ ತರಗತಿಯ ಮಕ್ಕಳಿಗೆ "ನೀಟ್ ಫೌಂಡೇಶನ್" ಎಂಬ ಹೆಸರಿನಲ್ಲಿ ಭಾನುವಾರದ ತರಗತಿ ನಡೆಯುತ್ತಿರುವುದು ಕದ್ದುಮುಚ್ಚಿ ಅಲ್ಲ. ಅದಕ್ಕೆ ಅರ್ಜಿ ತುಂಬಿ, ಮುಂಗಡ ಕಟ್ಟಿ, ಸೀಟು ಸಿಕ್ಕಿತೆಂದು ಮನೆಗೆ ಸ್ವೀಟು ಒಯ್ದವರು ನಾವೇ. ನಾನು ಒಯ್ದದ್ದು ಕಾಜೂ ಬರ್ಫಿ.

ಅಕ್ಟೋಬರಿನಲ್ಲಿ ನಾವು ಆ ಭಾನುವಾರದ ತರಗತಿಯನ್ನು ಬಿಡಿಸಿದೆವು. ಕಟ್ಟಿದ ಹಣ ವಾಪಸು ಬರಲಿಲ್ಲ. ಬರುವುದಿಲ್ಲವೆಂದು ರಸೀದಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಟ್ಯೂಷನ್ ಬಿಡಿಸಲಿಲ್ಲ, ಗಣಿತಕ್ಕೆ ಅವಳಿಗೆ ಅದು ಬೇಕಿತ್ತು; ಆದರೆ ಪಟ್ಟಿಯನ್ನು ಗುಂಪಿಗೆ ಹಾಕಬೇಡಿ, ಅವರವರ ಮನೆಗೆ ಅವರವರ ಅಂಕ ಕಳಿಸಿ ಎಂದು ಮೇಷ್ಟ್ರಲ್ಲಿ ಕೇಳಿದೆ. ಅವರು ಸಜ್ಜನರು, "ಪೋಷಕರೇ ಕೇಳುತ್ತಾರೆ ಎಂದು ಹಾಕುತ್ತಿದ್ದೆ" ಎಂದು ಆ ವಾರದಿಂದಲೇ ನಿಲ್ಲಿಸಿದರು. ನಿಲ್ಲಿಸಿದ ಮೇಲೆ ಇಬ್ಬರು ತಂದೆಯರು ಪಟ್ಟಿ ಎಲ್ಲಿ ಎಂದು ಕೇಳಿದರಂತೆ.

ಆಮೇಲೆ ನಡೆದದ್ದನ್ನು ನಾನು ಬಣ್ಣ ಹಚ್ಚದೆ ಹೇಳಬೇಕು. ಬಿಡುವಾದ ಮೊದಲ ಭಾನುವಾರ ಮಗಳು ಹನ್ನೊಂದರವರೆಗೆ ಮಲಗಿದಳು, ಎದ್ದು ಬೆಕ್ಕಿನ ಮೈಯ ಉಣ್ಣೆ ಹೆಕ್ಕುತ್ತ ಕೂತಳು, ಮಧ್ಯಾಹ್ನ ಅಜ್ಜಿಯ ಜೊತೆ ಹಪ್ಪಳದ ಹಿಟ್ಟು ನಾದಿದಳು, ಸಂಜೆ ಏನೂ ಮಾಡಲಿಲ್ಲ. ಅವಳು ಏನೂ ಮಾಡದೆ ಇರುವುದನ್ನು ನೋಡಿ ನನ್ನ ಎದೆ ಡವಡವ ಎನ್ನತೊಡಗಿತು. ಅದೇ ಹೊತ್ತಿಗೆ ಆ ತರಗತಿಯಲ್ಲಿ ಉಳಿದ ಮಕ್ಕಳು ಎಷ್ಟು ಪಾಠ ಮುಂದೆ ಹೋಗಿರಬಹುದೆಂದು ಲೆಕ್ಕ ಹಾಕುತ್ತಿದ್ದೆ. ಆಗ ನನಗೆ ಗೊತ್ತಾದದ್ದು, ಆ ಭಾನುವಾರದ ತರಗತಿಯನ್ನು ನಾನು ಕೊಂಡದ್ದು ಅವಳ ವಿದ್ಯೆಗಲ್ಲ, ನನ್ನ ಭಯಕ್ಕೆ ಮದ್ದಾಗಿ. ಅವಳಿಗೆ ಎದೆ ಹೊಡೆದುಕೊಳ್ಳುವುದು ನಿಂತಿತ್ತು, ನನಗೆ ಶುರುವಾಗಿತ್ತು. ಮಕ್ಕಳ ಒತ್ತಡವನ್ನು ನಿಭಾಯಿಸುವುದು ಹೇಗೆ ಎಂದು ಕೇಳುವ ಪ್ರತಿಯೊಬ್ಬ ತಂದೆತಾಯಿಯೂ ಈ ವಿನಿಮಯಕ್ಕೆ ಸಿದ್ಧರಿರಬೇಕಾಗುತ್ತದೆ. ಹೊಟ್ಟೆನೋವು ಮೂರು ನಾಲ್ಕು ವಾರಗಳಲ್ಲಿ ಇಳಿಯಿತು. ಪೂರ್ತಿ ಹೋಗಲಿಲ್ಲ; ವಾರ್ಷಿಕ ಪರೀಕ್ಷೆಯ ಹಿಂದಿನ ದಿನ ಮತ್ತೆ ಬಂತು, ಆಗ ಅವಳೇ "ಇದು ಪರೀಕ್ಷೆಯ ನೋವು" ಎಂದು ಹೆಸರಿಟ್ಟು, ಗಂಜಿ ಉಂಡು, ಬೇಗ ಮಲಗಿದಳು. ಅಂಕಗಳು ಏರಿದವೇ ಎಂದು ಕೇಳುವವರಿಗೆ: ವಿಜ್ಞಾನದಲ್ಲಿ ನಾಲ್ಕು ಹೆಚ್ಚಾಯಿತು, ಗಣಿತದಲ್ಲಿ ಎರಡು ಕಡಿಮೆಯಾಯಿತು. ಈ ಪ್ರಶ್ನೆಯನ್ನು ನನ್ನ ಷಡ್ಡಕನೇ ಮೊದಲು ಕೇಳಿದ್ದು.

ಎಲ್ಲ ಮಕ್ಕಳ ಕಷ್ಟವೂ ಒಂದು ತರಗತಿ ಬಿಡಿಸಿದರೆ ಕರಗುವಂಥದ್ದಲ್ಲ ಎಂಬ ಎಚ್ಚರವೂ ಇರಬೇಕು. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3 ಮಂದಿಗೆ ಚಿಕಿತ್ಸೆ ಬೇಕಾಗಬಹುದಾದ ಮಾನಸಿಕ ತೊಂದರೆಯಿತ್ತು. ನಲವತ್ತು ಮಕ್ಕಳ ತರಗತಿಯಲ್ಲಿ ಇದು ಹತ್ತಿರ ಹತ್ತಿರ ಮೂವರು. ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ, ಇಷ್ಟದ ಆಟ, ಗೆಳೆಯರು ಬೇಡವಾದರೆ, ಶಾಲೆಯ ಹೆಸರೆತ್ತಿದರೆ ಮಗು ಬೆವರಿದರೆ, ಮೈಗೆ ಗಾಯ ಮಾಡಿಕೊಂಡರೆ, "ನಾನಿಲ್ಲದಿದ್ದರೆ ನಿಮಗೆಲ್ಲ ಸುಖ" ಎಂಬಂಥ ಮಾತು ಬಂದರೆ, ಅದನ್ನು ಸಿಟ್ಟಿನ ಮಾತೆಂದು ತಳ್ಳಿಹಾಕದೆ ಅದೇ ದಿನ ವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಯಲ್ಲಿ ಹಾಕಿದಂತಾಗುತ್ತದೆ ಎಂಬ ಹೆದರಿಕೆ ಬೇಡ. ಕೇಳಿದರೆ ಮಗು ಹಗುರವಾಗುತ್ತದೆ ಎಂಬುದೇ ಮನೋವೈದ್ಯರ ಅನುಭವ. ನಮ್ಮಲ್ಲಿ ಮನೋವೈದ್ಯರ ಚೀಟಿ ಹಿಡಿದು ಬರುವವರು ಅಂಗಡಿಯಲ್ಲಿ ಬೇರೆ ಗಿರಾಕಿಗಳು ಖಾಲಿಯಾಗುವವರೆಗೆ ಬದಿಯಲ್ಲಿ ನಿಂತು ಕಾಯುತ್ತಾರೆ. ಕೆಲವರು ಗುರುತಿನವರು ಕಂಡಾರೆಂದು ಉಡುಪಿಯ ಚೀಟಿಗೆ ಕುಂದಾಪುರದಲ್ಲಿ ಮದ್ದು ಕೊಳ್ಳುತ್ತಾರೆ. ಹೆಣ್ಣುಮಕ್ಕಳಾದರೆ ನಾಳೆ ಮದುವೆಯ ಮಾತು ಬಂದಾಗ ತೊಂದರೆ ಎಂಬ ಅಳುಕು ಬೇರೆ. ಈ ನಾಚಿಕೆಗೆ ತೆರುವ ಬೆಲೆ ತಿಂಗಳುಗಟ್ಟಲೆಯ ವಿಳಂಬ.

ಖಾಸಗಿ ವೈದ್ಯರ ಶುಲ್ಕ ಭರಿಸಲಾಗದವರಿಗೆ, ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಎಂಬ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಎನ್ನದೆ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಾಗಿಲ್ಲ, ಹೆಸರು ಹೇಳಬೇಕಾದ ಅಗತ್ಯವೂ ಇಲ್ಲ. ಮಕ್ಕಳೇ ಕರೆ ಮಾಡಬಹುದಾದ ಸಂಖ್ಯೆ 1098. ಇವನ್ನು ಒಂದು ರಟ್ಟಿನ ಮೇಲೆ ಬರೆದು ನನ್ನ ಕೌಂಟರಿನಲ್ಲಿ, ನೆನಪಿನ ಟಾನಿಕ್ಕುಗಳ ಕಪಾಟಿನ ಎದುರಿಗೇ ಇಟ್ಟಿದ್ದೇನೆ.

ತಮ್ಮಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಮುಂದಿನ ಸಲ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮರುದಿನದ ಪತ್ರಿಕೆಯಲ್ಲಿ ಮೊದಲ ಪುಟದ ಒಂದು ಮೂಲೆಯನ್ನು, ಜಾಹೀರಾತಿಗೆ ಮಾರದೆ, ಉಳಿಸಿಕೊಡಿ. 2023-24ರಿಂದ ನಮ್ಮ ರಾಜ್ಯದಲ್ಲಿ ಪೂರಕ ಪರೀಕ್ಷೆ ಎಂಬ ಅವಮಾನದ ಹೆಸರು ಹೋಗಿ, ಒಂದೇ ವರ್ಷದಲ್ಲಿ ಪರೀಕ್ಷೆ 1, ಪರೀಕ್ಷೆ 2 ಎಂದು ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ಬಂದಿವೆ. ಇವುಗಳಲ್ಲಿ ಯಾವುದರಲ್ಲಿ ಹೆಚ್ಚು ಅಂಕ ಬಂದಿದೆಯೋ ಅದನ್ನು ಉಳಿಸಿಕೊಳ್ಳಬಹುದು. ಇದು ಗೊತ್ತಿಲ್ಲದ ತಂದೆತಾಯಂದಿರು ಇನ್ನೂ ಎಷ್ಟೋ ಮಂದಿ ಇದ್ದಾರೆ. ಗೊತ್ತಿದ್ದೂ, ಹೇಳಿದರೆ ಮಕ್ಕಳು ಓದಿನಲ್ಲಿ ಉದಾಸೀನರಾಗುತ್ತಾರೆಂದು ಮುಚ್ಚಿಡುವವರು ಅದಕ್ಕಿಂತ ಹೆಚ್ಚು. ಪರೀಕ್ಷೆ 2ರ ದಿನಾಂಕ, ಅರ್ಜಿಗೆ ಕೊನೆಯ ದಿನ, ಮತ್ತು 14416 ಎಂಬ ಸಂಖ್ಯೆ, ಇಷ್ಟನ್ನು ದಪ್ಪ ಅಕ್ಷರದಲ್ಲಿ ಆ ಮೂಲೆಯಲ್ಲಿ ಅಚ್ಚು ಹಾಕಿ. ಆ ದಿನ ಬೆಳಿಗ್ಗೆ ಪತ್ರಿಕೆಯನ್ನು ಮಡಚಿ ಮಗುವಿನ ಕಣ್ಣಿಗೆ ಬೀಳದಂತೆ ಎತ್ತಿಡುವ ಮನೆಗಳಲ್ಲಿ, ಅದನ್ನು ಬಿಚ್ಚಿ ಮಗುವಿನ ಎದುರಿಗೇ ಇಡಲು ಅದೊಂದು ಕಾರಣವಾಗಬಹುದು.

ತಮ್ಮ ವಿಶ್ವಾಸಿ,
ಒಬ್ಬ ಔಷಧ ವ್ಯಾಪಾರಿ, ಉಡುಪಿ

(ಮಗಳ ವಿಷಯ ಇರುವುದರಿಂದ ಹೆಸರು ಪ್ರಕಟಿಸಬಾರದೆಂದು ಕೋರುತ್ತೇನೆ. ಪತ್ರವನ್ನು ಕಳಿಸುವ ಮೊದಲು ಅವಳು ಓದಿದ್ದಾಳೆ. ಬೆಕ್ಕಿನ ಉಣ್ಣೆಯ ವಿಷಯ ತೆಗೆಯಲು ಹೇಳಿದಳು, ಆಮೇಲೆ ಇರಲಿ ಎಂದಳು.)